ಪಿನ್ ಹೋಯಿತು, ಪಾಸ್‌ವರ್ಡ್ ಗೊತ್ತೇ ಇಲ್ಲ: ಮಂಡ್ಯದ ಮನೆಯೊಂದರ ಲ್ಯಾಪ್‌ಟಾಪ್ ಪ್ರಕರಣ

ಇದು ಮಂಡ್ಯ ಪಟ್ಟಣದ ಒಂದು ಮನೆಯ ಪ್ರಕರಣ. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಸಂಘ, ಅಂಗಡಿ ಯಾವುದರ ಗುರುತನ್ನೂ ಕೊಟ್ಟಿಲ್ಲ. ಯಾರೆಂದು ಗೊತ್ತಾಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಂಪ್ಯೂಟರಿನಲ್ಲಿ ಏನಾಯಿತು, ಯಾವುದರ ನಂತರ ಯಾವುದಾಯಿತು ಎಂಬುದು ಮಾತ್ರ ನಡೆದ ಹಾಗೆಯೇ ಇದೆ.

ಹಿನ್ನೆಲೆ

ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಐವತ್ತರ ಆಸುಪಾಸಿನ ಗೃಹಿಣಿ. 18 ಹೆಂಗಸರ ಒಂದು ಸ್ತ್ರೀಶಕ್ತಿ ಸಂಘಕ್ಕೆ ಪ್ರತಿನಿಧಿ. ವಾರಕ್ಕೊಂದು ಸಭೆ. ಅಲ್ಲಿ ಉಳಿತಾಯ ಕಟ್ಟಿಸಿಕೊಳ್ಳಬೇಕು, ಒಳಸಾಲ ಕೊಡಬೇಕು, ಕಂತು ವಸೂಲಿ ಮಾಡಬೇಕು, ಎಲ್ಲಕ್ಕೂ ಲೆಕ್ಕ ಇಡಬೇಕು. ಸದಸ್ಯರ ಪಾಸ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು ಸಹಿ ಹಾಕುತ್ತಾರೆ. ನಿರ್ಣಯ ಪುಸ್ತಕವೂ ಕಾಗದದ್ದೇ. ಆದರೆ ಲೆಡ್ಜರ್ ಮಾತ್ರ ಮೂರು ವರ್ಷದಿಂದ ಲ್ಯಾಪ್‌ಟಾಪಿಗೆ ಬಂದಿತ್ತು. ಎಕ್ಸೆಲ್ ಹಾಳೆಯಲ್ಲಿ ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ಅರ್ಜಿ, ಪತ್ರಗಳೂ ನುಡಿಯಲ್ಲೇ. ಸದಸ್ಯರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇವುಗಳ ಫೋಟೋ ಒಂದು ಫೋಲ್ಡರಿನಲ್ಲಿದ್ದವು.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಹೋಮ್ ಇತ್ತು. ಕೊಂಡ ದಿನ ಅಂಗಡಿಯ ಹುಡುಗನೇ ಎಲ್ಲ ಸೆಟ್ ಮಾಡಿ ಕೊಟ್ಟಿದ್ದ. ಹೋಮ್ ಆವೃತ್ತಿಯನ್ನು ಮೊದಲ ಸಲ ತೆರೆಯುವಾಗ ಇಂಟರ್ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಅಕ್ಕನಿಗೆ ಖಾತೆ ಇರಲಿಲ್ಲ. ಹುಡುಗ ಅಲ್ಲೇ ಒಂದು ಹೊಸ ಇ-ಮೇಲ್ ಮಾಡಿದ, ಪಾಸ್‌ವರ್ಡ್ ಹಾಕಿದ, ಒಂದು ಫೋನ್ ನಂಬರ್ ಕೇಳಿದ, ಓಟಿಪಿ ಹೇಳಿಸಿಕೊಂಡ. ಕೊನೆಗೆ ನಾಲ್ಕು ಅಂಕಿಯ ಪಿನ್ ಇಡಿಸಿ, ‘ಇದನ್ನ ನೆನಪಿಟ್ಕೊಳ್ಳಿ ಸಾಕು’ ಅಂದ. ಅಕ್ಕ ಅದನ್ನು ಮರೆಯಲೇ ಇಲ್ಲ. ಮೂರು ವರ್ಷ ದಿನಾ ಅದೇ ಪಿನ್ ಒತ್ತಿ ಕೆಲಸ ಮಾಡಿದರು.

ಸಮಸ್ಯೆ

ಒಂದು ರಾತ್ರಿ ಅಪ್‌ಡೇಟ್ ಆಯಿತು. ಬೆಳಿಗ್ಗೆ ಪಿನ್ ಒತ್ತುವ ಜಾಗವೇ ಇಲ್ಲ. ಏನೋ ತೊಂದರೆಯಾಗಿದೆ, ನಿಮ್ಮ ಪಿನ್ ಸಿಗುತ್ತಿಲ್ಲ, ಮತ್ತೆ ಹೊಸದಾಗಿ ಇಟ್ಟುಕೊಳ್ಳಿ ಎಂಬ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಬಂದಿತ್ತು. ಪಿನ್ನಿಗೆ ಸಂಬಂಧಪಟ್ಟ ಫೈಲುಗಳು ಅಪ್‌ಡೇಟಿನಲ್ಲಿ ಕೆಟ್ಟರೆ ಹೀಗಾಗುತ್ತದೆ. ಅದನ್ನು ಒತ್ತಿದರೆ ಖಾತೆಯ ಪಾಸ್‌ವರ್ಡ್ ಕೇಳುತ್ತದೆ.

‘ಪಾಸ್‌ವರ್ಡ್ ಅಂತ ನಾನು ಏನೂ ಇಟ್ಟೇ ಇಲ್ಲ ಕಣಪ್ಪ. ನನಗೆ ಗೊತ್ತಿರೋದು ಆ ನಾಲ್ಕು ನಂಬರು ಅಷ್ಟೇ.’

ಅಕ್ಕ ಹೇಳಿದ್ದು ನಿಜ. ಎಷ್ಟೋ ಮನೆಗಳಲ್ಲಿ ಪಿನ್ನನ್ನೇ ಪಾಸ್‌ವರ್ಡ್ ಅಂದುಕೊಂಡಿರುತ್ತಾರೆ. ಎರಡೂ ಬೇರೆ. ಪಿನ್ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತದೆ, ಇನ್ನೆಲ್ಲೂ ನಡೆಯುವುದಿಲ್ಲ. ಪಾಸ್‌ವರ್ಡ್ ಖಾತೆಯದ್ದು, ಅದನ್ನು ಯಾವ ಫೋನಿನಿಂದ ಬೇಕಾದರೂ ಬದಲಿಸಬಹುದು. ಆದರೆ ಖಾತೆ ನಿಮ್ಮದೇ ಅಂತ ಮೊದಲು ತೋರಿಸಿಕೊಡಬೇಕು.

ಇದರ ಮೇಲೆ ಅವಸರವೊಂದು ಬೇರೆ ಇತ್ತು. ಸಂಘ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿತ್ತು. ಬ್ಯಾಂಕಿನವರು ಲೆಕ್ಕಪತ್ರ ನೋಡಲು ದಿನ ಗೊತ್ತುಮಾಡಿದ್ದರು. ಕಳೆದ ಆರು ತಿಂಗಳ ಉಳಿತಾಯ, ಒಳಸಾಲ, ಮರುಪಾವತಿಯ ಪಟ್ಟಿ ಕೇಳಿದ್ದರು. ಪಟ್ಟಿ ಇದ್ದದ್ದು ಲ್ಯಾಪ್‌ಟಾಪಿನ ಒಳಗೆ.

ನಾನು ಹೋಗುವ ಮೊದಲು ನಡೆದದ್ದು

ನನ್ನನ್ನು ಕರೆಸುವ ಹೊತ್ತಿಗೆ ಮನೆಯವರು ಕೆಲವು ಪ್ರಯತ್ನ ಮಾಡಿ ಮುಗಿಸಿದ್ದರು. ಎಲ್ಲವೂ ಒಳ್ಳೆಯ ಉದ್ದೇಶದಿಂದ ಮಾಡಿದ್ದೇ.

ಮೊದಲು ಊಹೆ. ಮಗನ ಹೆಸರು, ಮದುವೆಯ ವರ್ಷ, ಮನೆದೇವರ ಹೆಸರು ಎಲ್ಲ ಹಾಕಿ ನೋಡಿದ್ದರು. ಲ್ಯಾಪ್‌ಟಾಪಿನಲ್ಲೂ ಪ್ರಯತ್ನಿಸಿ, ಫೋನಿನ ಬ್ರೌಸರಿನಲ್ಲೂ ಪ್ರಯತ್ನಿಸಿದ್ದರಿಂದ ತುಂಬಾ ಸಲ ತಪ್ಪು ಹಾಕಿದ್ದೀರಿ ಎಂದು ಖಾತೆ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡಿತ್ತು.

ಆಮೇಲೆ ಯಜಮಾನರು ಸಹಾಯವಾಣಿ ನಂಬರ್ ಅಂತ ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ನಂಬರಿಗೆ ಫೋನ್ ಮಾಡಿದ್ದರು. ಆ ಕಡೆಯವನು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ನಮಗೆ ಕಾಣುವ ಹಾಗೆ ಮಾಡಿ ಅಂದ. ಅಕ್ಕ ಪಕ್ಕದಲ್ಲೇ ಕೂತಿದ್ದರು. ‘ಕೆಟ್ಟಿರೋದು ಲ್ಯಾಪ್‌ಟಾಪು, ಮೊಬೈಲಿಗೆ ಯಾಕೆ ಹಾಕ್ಬೇಕು?’ ಅಂತ ಕೇಳಿ ಫೋನ್ ಇಡಿಸಿದರು. ಆ ಮೊಬೈಲಿನಲ್ಲೇ ಬ್ಯಾಂಕಿನ ಆ್ಯಪ್ ಇತ್ತು. ಆ ಒಂದು ಪ್ರಶ್ನೆ ಕೇಳದೆ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುವ ಕೆಲಸವೂ ಸೇರಿಕೊಳ್ಳುತ್ತಿತ್ತು.

ಮೂರನೆಯದ್ದು ಅಕ್ಕನ ಅಕ್ಕನ ಮಗನದ್ದು. ಹುಡುಗ ಚುರುಕು, ಡಿಪ್ಲೊಮಾ ಓದುತ್ತಿದ್ದಾನೆ. ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವ ವಿಡಿಯೋ ನೋಡಿ ಪೆನ್‌ಡ್ರೈವ್ ತಯಾರು ಮಾಡಿಕೊಂಡು ಬಂದ. ಲಾಗಿನ್ ಪರದೆಯ ಮೂಲೆಯಲ್ಲಿರುವ ಅಂಗವಿಕಲರ ಸೌಲಭ್ಯದ ಗುಂಡಿಯ ಹಿಂದಿನ ಫೈಲನ್ನು ಬದಲಿಸಿ, ಅಲ್ಲಿಂದ ಕಮಾಂಡ್ ವಿಂಡೋ ತೆಗೆಯುವ ಹಳೇ ಉಪಾಯ ಅದು. ಪೆನ್‌ಡ್ರೈವಿನಿಂದ ಶುರುವಾಗಲಿ ಅಂತ ವಿಡಿಯೋದಲ್ಲಿ ಹೇಳಿದ ಹಾಗೆ ಬಯೋಸ್ (ವಿಂಡೋಸ್ ಶುರುವಾಗುವ ಮೊದಲಿನ ಯಂತ್ರದ ಸೆಟ್ಟಿಂಗ್) ಒಳಗೆ ಹೋಗಿ, ನಂಬಿಕೆಯ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಿದ. ಒಳಗೆ ನೋಡಿದರೆ ಸಿ ಡ್ರೈವ್ ತೆರೆಯಲೇ ಇಲ್ಲ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದ. ಈಗ ಲಾಗಿನ್ ಪರದೆಯೂ ಇಲ್ಲ. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು.

ಮನೆಯವರ ಎದೆ ಒಡೆದದ್ದು ಅಲ್ಲಿ. ವೈರಸ್ ಹೊಕ್ಕಿದೆ, ಫೈಲುಗಳನ್ನು ಹಿಡಿದಿಟ್ಟುಕೊಂಡು ಇನ್ನು ದುಡ್ಡು ಕೇಳುತ್ತಾರೆ ಅಂದುಕೊಂಡರು. ಹುಡುಗ ಅಳುವ ಹಾಗಾಗಿದ್ದ. ಅಂಗಡಿಗೆ ಒಯ್ದರೆ ಅವರದ್ದು ಒಂದೇ ಮಾತು: ‘ಫಾರ್ಮ್ಯಾಟ್ ಹೊಡೀಬೇಕು. ಸಂಜೆ ಬಂದು ತಗೊಂಡೋಗಿ.’

ಅಕ್ಕ ಲ್ಯಾಪ್‌ಟಾಪ್ ಬಿಟ್ಟು ಬರಲಿಲ್ಲ. ಲೆಕ್ಕ ಹೋಗುತ್ತದೆ ಅನ್ನುವುದು ಒಂದು ಕಾರಣ. 18 ಜನರ ಆಧಾರ್ ಫೋಟೋ ಇರುವ ಯಂತ್ರವನ್ನು ಗೊತ್ತಿಲ್ಲದವರ ಕೈಲಿ ಇಡೀ ದಿನ ಬಿಡುವುದು ಹೇಗೆ ಅನ್ನುವುದು ಇನ್ನೊಂದು. ಈ ಎರಡನೇ ಕಾರಣವನ್ನು ಅವರು ತುಂಬ ಸಹಜವಾಗಿ ಹೇಳಿದರು. ನನಗೆ ಅದು ದೊಡ್ಡ ವಿಷಯ ಅನ್ನಿಸಿತು. ಸಂಘದವರು ನಂಬಿ ಕೊಟ್ಟ ಕಾಗದ ಅದು, ಅಲ್ವಾ?

ನೀಲಿ ಪರದೆ

ಮೊದಲು ಆ ನೀಲಿ ಪರದೆಯ ಭಯ ಕಳೆಯಬೇಕಿತ್ತು. ಅದು ವೈರಸ್ ಅಲ್ಲ, ಬಿಟ್‌ಲಾಕರ್ ಎಂಬ ವಿಂಡೋಸಿನದ್ದೇ ಡಿಸ್ಕ್ ಬೀಗ. ಸೌಲಭ್ಯ ಇರುವ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಒಳಗೆ ಹೋದಾಗ ವಿಂಡೋಸ್ 11 ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬೀಗದ ಕೀಲಿ ಯಂತ್ರದ ಒಳಗಿನ ಟಿಪಿಎಂ ಎಂಬ ಚಿಪ್ಪಿನಲ್ಲಿ ಇರುತ್ತದೆ. ಆನ್ ಮಾಡಿದಾಗ, ಎಲ್ಲ ಮೊದಲಿನ ಹಾಗೇ ಇದೆ ಅಂತ ಖಾತ್ರಿಯಾದರೆ ಮಾತ್ರ ಚಿಪ್ಪು ಕೀಲಿ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಆಗಿದ್ದರಿಂದ ಯಾರೋ ಏನೋ ಬದಲಿಸಿದ್ದಾರೆ ಎಂದು ಅದು ಕೀಲಿ ಕೊಡಲಿಲ್ಲ. ಆಗ ಕೇಳುವುದೇ ಆ 48 ಅಂಕಿ.

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನು ಏನೇನು ಬದಲಿಸಿದ್ದ ಅಂತ ನೆನಪಿಸಿಕೊಂಡು ಹೇಳಲು ಕೇಳಿದೆ. ಬೈದಿದ್ದರೆ ಅರ್ಧ ಮುಚ್ಚಿಡುತ್ತಿದ್ದ. ಬೈಯಲಿಲ್ಲ, ಹಾಗಾಗಿ ಎಲ್ಲ ಹೇಳಿದ. ಬಯೋಸ್ ಒಳಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆವು. ಬೂಟ್ ಕ್ರಮವನ್ನೂ ಮೊದಲಿನಂತೆ ಇಟ್ಟೆವು. ಟಿಪಿಎಂ ಅಳಿಸಲೇ ಎಂದು ಕೇಳುವ ಆಯ್ಕೆಯೂ ಆ ಪುಟದಲ್ಲೇ ಇತ್ತು. ಪುಣ್ಯಕ್ಕೆ ಹುಡುಗ ಅದನ್ನು ಮುಟ್ಟಿರಲಿಲ್ಲ. ಮುಟ್ಟಿದ್ದರೆ ಚಿಪ್ಪಿನಲ್ಲಿದ್ದ ಕೀಲಿ ಹೋಗಿ, ಆ 48 ಅಂಕಿ ಬಿಟ್ಟರೆ ಬೇರೆ ದಾರಿ ಉಳಿಯುತ್ತಿರಲಿಲ್ಲ.

ಲ್ಯಾಪ್‌ಟಾಪ್ ಆನ್ ಆಯಿತು. ನೀಲಿ ಪರದೆ ಬರಲಿಲ್ಲ. ಮೊದಲಿನ ಲಾಗಿನ್ ಪರದೆ, ಮೊದಲಿನ ಪಾಸ್‌ವರ್ಡ್ ಪ್ರಶ್ನೆ. ಸಮಸ್ಯೆ ಶುರುವಾದಲ್ಲಿಗೇ ವಾಪಸ್ ಬಂದಿದ್ದೆವು. ಮನೆಯವರಿಗೆ ಅದೇ ದೊಡ್ಡ ಸಮಾಧಾನ ಆಯಿತು.

ಆದರೆ ಒಂದು ವಿಷಯ ಇಲ್ಲಿ ಸ್ಪಷ್ಟವಾಯಿತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ಹಾಗಾಗಿ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ, ವಿಂಡೋಸ್ ಬದಲು ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಓಡಿಸಿದರೂ ಕೀ ಇಲ್ಲದೆ ಒಂದು ಫೈಲೂ ಸಿಗುವುದಿಲ್ಲ. ಹಳೇ ಕಂಪ್ಯೂಟರುಗಳಲ್ಲಿ ಇದು ಸುಲಭ. ಮೈಸೂರಿನ ಹಳೇ ಮನೆಗಳಲ್ಲಿ ಇನ್ನೂ ಇರುವ ಡೆಸ್ಕ್‌ಟಾಪುಗಳಲ್ಲಿ ಎನ್‌ಕ್ರಿಪ್ಷನ್ ಇರುವುದಿಲ್ಲ, ಖಾತೆಯೂ ಆ ಯಂತ್ರದ್ದೇ. ಡಿಸ್ಕ್ ಬಿಚ್ಚಿ ಕೇಬಲ್ಲಿನಲ್ಲಿ ಇನ್ನೊಂದಕ್ಕೆ ಸೇರಿಸಿದರೆ ಫೋಟೋ, ಫೈಲು ಎಲ್ಲ ಬರುತ್ತವೆ. ಆ ಅನುಭವದ ಮೇಲೆ ಇಂದಿನ ಲ್ಯಾಪ್‌ಟಾಪಿಗೆ ಕೈ ಹಾಕಬಾರದು. ಎದುರಿಗಿರುವುದು ಪಿನ್ ತೊಂದರೆಯೇ, ಪಾಸ್‌ವರ್ಡ್ ತೊಂದರೆಯೇ, ಎನ್‌ಕ್ರಿಪ್ಷನ್ ತೊಂದರೆಯೇ ಅಂತ ಮೊದಲು ತಿಳಿದುಕೊಳ್ಳಬೇಕು. ಮೂರಕ್ಕೂ ಔಷಧಿ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ವಿಷ ಆಗಬಹುದು.

ಅವಸರವನ್ನು ಬೇರೆ ಮಾಡಿದ್ದು

ಇಡೀ ಪ್ರಕರಣದ ಮುಖ್ಯ ತಿರುವು ನನ್ನ ಪ್ರಕಾರ ಇದು. ಕಂಪ್ಯೂಟರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಮನೆಯಲ್ಲಿ ಮಾತು ಮತ್ತೆ ಮತ್ತೆ ಫಾರ್ಮ್ಯಾಟಿಗೆ ಬಂದು ನಿಲ್ಲುತ್ತಿತ್ತು. ಬ್ಯಾಂಕಿನವರು ಬರುವ ದಿನ ಹತ್ತಿರ ಬರುತ್ತಿತ್ತು. ಯಜಮಾನರು ಹೇಳಿದರು: ‘ಹೋದ್ರೆ ಹೋಗ್ಲಿ, ಖಾಲಿ ಲ್ಯಾಪ್‌ಟಾಪಾದ್ರೂ ಸಿಗುತ್ತಲ್ಲ. ಕೂತು ಹೊಸದಾಗಿ ಟೈಪ್ ಮಾಡಿದ್ರಾಯ್ತು.’ ಅವರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಇದ್ದ ಎಲ್ಲ ದಾರಿಗಳಲ್ಲಿ ಹಿಂದಕ್ಕೆ ಬರಲಾಗದ್ದು ಅದೊಂದೇ. ಉಳಿದ ಯಾವುದನ್ನು ಮಾಡಿ ಸೋತರೂ ಮತ್ತೊಂದನ್ನು ಮಾಡಬಹುದು. ಫಾರ್ಮ್ಯಾಟ್ ಆದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಹೊಸದಾಗಿ ಟೈಪ್ ಮಾಡಿದರಾಯಿತು ಅನ್ನುವ ಮಾತನ್ನೇ ಹಿಡಿದೆ. ‘ಅಕ್ಕಾ, ಏನನ್ನು ನೋಡಿ ಟೈಪ್ ಮಾಡ್ತೀರಿ?’ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಪ್ರತಿ ಸದಸ್ಯೆಯ ಪಾಸ್‌ಬುಕ್ಕಿನಲ್ಲಿ ವಾರ ವಾರದ ಉಳಿತಾಯ, ಕಂತು ಎಲ್ಲ ಅವರ ಕೈಬರಹದಲ್ಲೇ ಇತ್ತು. ಯಾರಿಗೆ ಎಷ್ಟು ಸಾಲ ಕೊಟ್ಟರು ಅನ್ನುವುದು ನಿರ್ಣಯ ಪುಸ್ತಕದಲ್ಲಿತ್ತು. ಬ್ಯಾಂಕಿಗೆ ಕಟ್ಟಿದ್ದು ಸಂಘದ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿತ್ತು. ಹಾಗಾದರೆ ಆ ಆರು ತಿಂಗಳ ಪಟ್ಟಿಗೆ ಲ್ಯಾಪ್‌ಟಾಪ್ ಬೇಕೇ ಇರಲಿಲ್ಲ!

ಆ ವಾರದ ಸಭೆಗೆ ಎಲ್ಲರೂ ಪಾಸ್‌ಬುಕ್ ತರಬೇಕು ಅಂತ ಹೇಳಿ ಕಳಿಸಿದರು. ಸಂಘದ ಎರಡನೇ ಪ್ರತಿನಿಧಿಯ ಬರಹ ಚೆನ್ನಾಗಿದೆ. ಗೀಟು ಹಾಕಿದ ದೊಡ್ಡ ಹಾಳೆಗಳಲ್ಲಿ ಅವರು ಬರೆದರು, ಅಕ್ಕ ಓದಿ ಹೇಳಿದರು, ಉಳಿದವರು ತಮ್ಮ ತಮ್ಮ ಮೊತ್ತ ಕೂಡಿ ನೋಡಿದರು. ಬ್ಯಾಂಕಿನವರು ಕೈಬರಹದ ಪಟ್ಟಿಯನ್ನೇ ಪುಸ್ತಕಗಳ ಜೊತೆ ತಾಳೆ ನೋಡಿಕೊಂಡು ಹೋದರು.

ಅಲ್ಲಿಗೆ ಅವಸರ ಮುಗಿಯಿತು. ಇನ್ನು ಉಳಿದದ್ದು ಲ್ಯಾಪ್‌ಟಾಪ್ ತೆರೆಯುವ ಕೆಲಸ. ಅದಕ್ಕೆ ಎಷ್ಟು ದಿನ ಹಿಡಿದರೂ ನಡೆಯುತ್ತಿತ್ತು. ಕಂಪ್ಯೂಟರ್ ತೆರೆಯದಿದ್ದಾಗ ಜನ ತಪ್ಪು ಗುಂಡಿ ಒತ್ತುವುದು ಹೆಚ್ಚಾಗಿ ನಾಳೆ ಏನೋ ಕೊಡಬೇಕಾಗಿದೆ ಅನ್ನುವ ಕಾರಣಕ್ಕೆ. ನಾಳೆ ಕೊಡಬೇಕಾದ್ದನ್ನು ಬೇರೆ ದಾರಿಯಲ್ಲಿ ಕೊಟ್ಟುಬಿಟ್ಟರೆ ಕೈ ನಡುಗುವುದು ನಿಲ್ಲುತ್ತದೆ. ಈಗ ಯಾರೇ ಕರೆದರೂ ನಾನು ಮೊದಲು ಕೇಳುವುದು ಇದನ್ನೇ: ನಿಮಗೆ ಒಳಗಿರುವ ಯಾವ ಒಂದು ಕಾಗದ ತುರ್ತಾಗಿ ಬೇಕು, ಅದು ಇನ್ನೆಲ್ಲಿ ಸಿಗುತ್ತದೆ?

ಎರಡು ಅಂಕಿ

ಲಾಗಿನ್ ಪರದೆಯಲ್ಲಿ ಆ ಇ-ಮೇಲ್ ವಿಳಾಸ ಕಾಣುತ್ತಿತ್ತು. ಅಕ್ಕನ ಹೆಸರು, ಹಿಂದೆ ಒಂದಷ್ಟು ಅಂಕಿ. ಫೋನಿನ ಬ್ರೌಸರಿನಲ್ಲಿ ಆ ವಿಳಾಸ ಹಾಕಿ, ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದೆವು. ಕೋಡ್ ಕಳಿಸಲು ಒಂದೇ ಫೋನ್ ನಂಬರ್ ಇತ್ತು. ಅದರ ಕೊನೆಯ ಎರಡು ಅಂಕಿ ಮಾತ್ರ ಕಾಣಿಸುತ್ತದೆ. ಕೊನೆಯ ನಾಲ್ಕು ಅಂಕಿ ನಾವೇ ತುಂಬಿದರೆ ಮಾತ್ರ ಕೋಡ್ ಹೋಗುತ್ತದೆ.

ಆ ಎರಡು ಅಂಕಿ ಅಕ್ಕನ ನಂಬರಿನದ್ದಲ್ಲ. ಯಜಮಾನರದ್ದೂ ಅಲ್ಲ, ಮಗನದ್ದೂ ಅಲ್ಲ. ಅಂಗಡಿ ಹುಡುಗ ತನ್ನ ನಂಬರನ್ನೇ ಹಾಕಿಕೊಂಡಿರಬೇಕು ಅಂತ ಎಲ್ಲರಿಗೂ ಅನುಮಾನ ಬಂತು. ಆ ಹುಡುಗ ಕೆಲಸ ಬಿಟ್ಟು ಎಲ್ಲೋ ಹೋಗಿದ್ದ.

ಇನ್ನೊಂದು ದಾರಿ ಖಾತೆ ವಾಪಸ್ ಪಡೆಯುವ ಅರ್ಜಿ. ಫೋನೂ ಇಲ್ಲ, ಬೇರೆ ಇ-ಮೇಲೂ ಇಲ್ಲ ಅನ್ನುವವರಿಗೆ ಮೈಕ್ರೋಸಾಫ್ಟ್ ಒಂದು ಫಾರಂ ಇಟ್ಟಿದೆ. ಹಳೇ ಪಾಸ್‌ವರ್ಡುಗಳು, ಇತ್ತೀಚೆಗೆ ಕಳಿಸಿದ ಮೇಲುಗಳ ವಿಷಯ, ಯಾರಿಗೆ ಕಳಿಸಿದ್ದು, ಇಂಥವನ್ನು ಕೇಳುತ್ತದೆ. ಅಕ್ಕ ಆ ವಿಳಾಸದಿಂದ ಒಂದು ಮೇಲನ್ನೂ ಕಳಿಸಿದವರಲ್ಲ. ಆ ವಿಳಾಸ ತಮ್ಮದು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ತುಂಬಲು ಏನಿದೆ? ದಿನಕ್ಕೆ ಎರಡು ಸಲ ಮಾತ್ರ ಅರ್ಜಿ ಹಾಕಬಹುದು. ಗೆಲ್ಲುವ ಸಾಧ್ಯತೆ ಇಲ್ಲದ ಕಡೆ ಸುಮ್ನೆ ಅರ್ಜಿ ಹಾಕುತ್ತಾ ಹೋಗುವುದು ಬೇಡ, ನಂಬರನ್ನೇ ಹುಡುಕೋಣ ಅಂದೆ.

ಹುಡುಕಿಕೊಟ್ಟದ್ದು ಅಕ್ಕನ ಡೈರಿ. ಮನೆಯ ಎಲ್ಲ ಸಿಮ್ಮುಗಳ ನಂಬರು, ರೀಚಾರ್ಜ್ ಮಾಡಿದ ತಾರೀಖು, ಎಷ್ಟು ರೂಪಾಯಿ ಎಲ್ಲ ಅದರಲ್ಲಿ ಬರೆದಿಡುತ್ತಾರೆ. ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಬಂದರು. ಕೆಳಗಿಂದ ಎರಡನೇ ಸಾಲಿಗೆ ಬೆರಳು ನಿಂತಿತು.

‘ಇದು ನಮ್ಮತ್ತೆ ನಂಬರು ಕಣಪ್ಪ!’

ಆಮೇಲೆ ಎಲ್ಲ ನೆನಪಾಯಿತು. ಬ್ಯಾಂಕಿಗೆ ಕೊಟ್ಟ ನಂಬರನ್ನು ಕಂಡ ಕಂಡ ಕಡೆ ಕೊಡಬೇಡಿ ಅಂತ ಸಂಘದ ತರಬೇತಿಯಲ್ಲಿ ಹೇಳಿದ್ದರು. ಅಂಗಡಿಯಲ್ಲಿ ಓಟಿಪಿಗೆ ನಂಬರ್ ಕೇಳಿದಾಗ ಅದು ನೆನಪಾಗಿ, ತಮ್ಮ ನಂಬರ್ ಕೊಡದೆ ಜೊತೆಯಲ್ಲಿದ್ದ ಅತ್ತೆಯ ಕೀಪ್ಯಾಡ್ ಫೋನಿನ ನಂಬರ್ ಕೊಟ್ಟಿದ್ದರು. ಹುಷಾರಾಗಿಯೇ ನಡೆದುಕೊಂಡಿದ್ದರು. ಅಂಗಡಿ ಹುಡುಗನದ್ದೂ ಏನೂ ತಪ್ಪಿರಲಿಲ್ಲ.

ಅತ್ತೆ ಈಗ ಪಾಂಡವಪುರದ ಹತ್ತಿರದ ಊರಿನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಫೋನ್ ಮಾಡಿ ವಿಚಾರಿಸಿದರೆ, ಕೀಪ್ಯಾಡ್ ಫೋನ್ ಮೊಮ್ಮಕ್ಕಳ ಕೈಗೆ ಸಿಕ್ಕಿ ಹಾಳಾಗಿತ್ತು, ಸಿಮ್ ಮುರಿದಿತ್ತು, ರೀಚಾರ್ಜ್ ಮುಗಿದು ಎರಡು ತಿಂಗಳಾಗಿತ್ತು. ಇಲ್ಲಿ ದಿನದ ಲೆಕ್ಕ ಮುಖ್ಯ. 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಿಬಿಡಬಹುದು. ನಿಂತ ಮೇಲೆ ಇನ್ನೊಂದು 90 ದಿನ ಕಳೆದರೆ ಅದೇ ನಂಬರ್ ಬೇರೆ ಯಾರಿಗೋ ಹೋಗಬಹುದು. ಹಾಗೆ ಹೋದ ಮೇಲೆ ಆ ಓಟಿಪಿ ಗೊತ್ತಿಲ್ಲದ ಯಾರದೋ ಫೋನಿಗೆ ಹೋಗುತ್ತದೆ.

ಸಿಮ್ ಯಜಮಾನರ ಹೆಸರಿನಲ್ಲೇ ಇತ್ತು. ಅದು ಅನುಕೂಲವಾಯಿತು. ಮಾರನೇ ದಿನವೇ ಆಧಾರ್ ಹಿಡಿದುಕೊಂಡು ನೂರಡಿ ರಸ್ತೆಗೆ ಹೋಗಿ ಅದೇ ನಂಬರಿಗೆ ಹೊಸ ಸಿಮ್ ತೆಗೆಸಿ, ರೀಚಾರ್ಜ್ ಮಾಡಿಸಿಕೊಂಡು ಬಂದರು. ಕರೆ ಹೋಗುತ್ತಿತ್ತು, ಬರುತ್ತಿತ್ತು. ಕೋಡ್ ಕಳಿಸಿ ಅಂತ ಒತ್ತಿದರೆ ಮೆಸೇಜ್ ಬರಲೇ ಇಲ್ಲ.

ಮತ್ತೆ ಒತ್ತಲು ಹೋದವರನ್ನು ತಡೆದೆ. ಸಿಮ್ ಬದಲಿಸಿದ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಬೇರೆಯವರ ನಂಬರಿಗೆ ನಕಲಿ ಸಿಮ್ ತೆಗೆಸಿ ಓಟಿಪಿ ಕದಿಯುವವರನ್ನು ತಡೆಯಲು 2022ರಲ್ಲಿ ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಸುಮ್ಮನೆ ಕಾಯಬೇಕು ಅಷ್ಟೇ. ಮೇಲಿಂದ ಮೇಲೆ ಕೋಡ್ ಕೇಳಿದರೆ ಆ ಕಡೆ ಮಿತಿ ಮುಗಿದು ಇನ್ನೂ ತಡವಾಗುತ್ತದೆ. ಬ್ಯಾಂಕಿನ ಕೆಲಸ ಬಾಕಿ ಇದ್ದಿದ್ದರೆ ಆ 24 ಗಂಟೆ ಕಾಯಲು ಮನೆಯವರಿಗೆ ಆಗುತ್ತಿತ್ತೇ? ನನಗೆ ಅನುಮಾನ.

ಸರಿಯಾದ ಪಾಸ್‌ವರ್ಡೂ ತಪ್ಪು ಅಂದಾಗ

ಮಾರನೇ ದಿನ ಕೋಡ್ ಬಂತು. ಹೊಸ ಪಾಸ್‌ವರ್ಡ್ ಇಟ್ಟೆವು. ಲ್ಯಾಪ್‌ಟಾಪ್ ಮುಟ್ಟುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ಫೋನಿನಲ್ಲೇ ಖಾತೆಯ ಪುಟಕ್ಕೆ ಹೋಗಿ, ಡಿವೈಸ್ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್ ಹುಡುಕಿ, ಬಿಟ್‌ಲಾಕರ್ ರಿಕವರಿ ಕೀ ತೆಗೆದೆವು. ಆರಾರು ಅಂಕಿಯ ಎಂಟು ಗುಂಪು. ಅಕ್ಕ ಬರೆದುಕೊಂಡರು, ಅವರ ಅಕ್ಕನ ಮಗ ಓದಿ ತಾಳೆ ನೋಡಿದ. ಇಷ್ಟು ದಿನ ಆ ಕೀ ಅಲ್ಲೇ ಇತ್ತು. ಅದು ಕಳೆದಿದ್ದರೆ ಕಂಪನಿಯವರೂ ಮತ್ತೆ ಮಾಡಿಕೊಡುವುದಿಲ್ಲ.

ಈಗ ಲ್ಯಾಪ್‌ಟಾಪಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿದೆವು. ತಪ್ಪು ಅಂದಿತು. ಮತ್ತೆ ನಿಧಾನವಾಗಿ ಹಾಕಿದರೂ ತಪ್ಪು.

ಪಾಸ್‌ವರ್ಡ್ ಜಾಗದ ಕೊನೆಯಲ್ಲಿ ಕಣ್ಣಿನ ಗುರುತಿದೆ. ಅದನ್ನು ಒತ್ತಿ ಹಿಡಿದರೆ ಟೈಪ್ ಮಾಡಿದ್ದು ಕಾಣುತ್ತದೆ. ಒತ್ತಿದರೆ ಅಲ್ಲಿದ್ದದ್ದು ಕನ್ನಡ ಅಕ್ಷರ! ಇಂಗ್ಲಿಷ್ ಅಕ್ಷರದ ಕೀ ಒತ್ತಿದ್ದಕ್ಕೆ ಕಾಗುಣಿತದ ಗುರುತು, ವ್ಯಂಜನ ಎಲ್ಲ ಕಲಸಿಕೊಂಡು ಬಿದ್ದಿದ್ದವು. ವಿಂಡೋಸಿನಲ್ಲಿ ಮಗ ಕನ್ನಡ ಕೀಬೋರ್ಡ್ ಸೇರಿಸಿ ಕೊಟ್ಟಿದ್ದ. ಲಾಗಿನ್ ಪರದೆಯಲ್ಲೂ ಅದೇ ಮುಂದಿತ್ತು. ಮೂರು ವರ್ಷ ಬರೀ ಅಂಕಿ ಒತ್ತಿ ಒಳಗೆ ಹೋಗುತ್ತಿದ್ದರಿಂದ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಹಾಗಾದರೆ ಮೊದಲ ದಿನ ಮನೆಯವರ ಊಹೆ ಸರಿಯಾಗಿದ್ದಿದ್ದರೂ ಆ ಪರದೆ ತಪ್ಪು ಅಂತಲೇ ಹೇಳುತ್ತಿತ್ತು. ಬಲಗಡೆ ಕೆಳಗಿನ ಮೂಲೆಯಲ್ಲಿ ಭಾಷೆಯ ಗುರುತು ಒತ್ತಿ ಇಂಗ್ಲಿಷಿಗೆ ತಂದೆವು.

ಆಗಲೂ ತಪ್ಪು ಅಂದಿತು. ಇದಕ್ಕೆ ಕಾರಣ ಬೇರೆ. ಪಾಸ್‌ವರ್ಡ್ ಬದಲಾಗಿರುವುದು ಖಾತೆಯಲ್ಲಿ. ಲ್ಯಾಪ್‌ಟಾಪಿಗೆ ಆ ಸುದ್ದಿ ಇಂಟರ್ನೆಟ್ ಮೂಲಕವೇ ಗೊತ್ತಾಗಬೇಕು. ಮನೆಯಲ್ಲಿ ವೈಫೈ ಇಲ್ಲ, ಮಗನ ಮೊಬೈಲಿನ ಹಾಟ್‌ಸ್ಪಾಟ್ ಬಳಸುತ್ತಿದ್ದರು, ಮಗ ಊರಿನಲ್ಲಿರಲಿಲ್ಲ. ಅದೇ ಮೂಲೆಯಲ್ಲಿರುವ ನೆಟ್‌ವರ್ಕ್ ಗುರುತು ಒತ್ತಿ ಯಜಮಾನರ ಹಾಟ್‌ಸ್ಪಾಟಿಗೆ ಸೇರಿಸಿದೆವು. ಪಾಸ್‌ವರ್ಡ್ ಹಾಕಿದೆವು. ತೆರೆಯಿತು.

ಒಳಗೆ ಹೋದ ಮೇಲೆ

ಮೊದಲು ಮಾಡಿದ್ದು ಪಿನ್ ಇಡುವುದಲ್ಲ, ನಕಲು ತೆಗೆಯುವುದು. ಸಂಘದ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹೋಯಿತು. ಮನೆಗೆ ಬಂದಿದ್ದ ಮಗ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ ಗಾಬರಿಯಾದ. ಅಂಕಿಗಳೆಲ್ಲ ಸರಿ ಇವೆ, ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು. ಫೈಲು ಕೆಟ್ಟಿದೆ ಅಂದುಕೊಂಡ. ಕೆಟ್ಟಿರಲಿಲ್ಲ. ಅಕ್ಕ ಬಳಸುತ್ತಿದ್ದುದು ನುಡಿಯ ಹಳೇ ಫಾಂಟ್, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಪದ್ಧತಿಯದ್ದಲ್ಲ. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಅನ್ನುವ ಪದ ದೊಡ್ಡ ‘ಪಿ’, ತಲೆ ಮೇಲೆ ಗೀಟಿರುವ ‘ಎ’, ಪೌಂಡಿನ ಗುರುತು, ಹೀಗೆ ಏಳು ಗುರುತುಗಳ ಸಾಲಾಗಿ ಕಾಣುತ್ತದೆ. ನುಡಿ ಹಾಕಿದ ಕೂಡಲೇ ಹೆಸರುಗಳು ಮೂಡಿದವು. ಫೈಲು ವಾಪಸ್ ಪಡೆದ ಎಷ್ಟೋ ಜನ ಇಲ್ಲಿ ಮೋಸ ಹೋಗಿ, ಹಾಳಾಗಿದೆ ಅಂತ ಅಳಿಸಿಬಿಡುತ್ತಾರೆ. ಕನ್ನಡದ ಹಳೇ ಫೈಲನ್ನು ‘ನುಡಿ’, ‘ಬರಹ’ ತಂತ್ರಾಂಶ ಹಾಕಿ ನೋಡದೆ ಕೈಬಿಡಬೇಡಿ.

ಇನ್ನೊಂದು ಸಂಗತಿ ನನಗೂ ಹೊಸದು. ಅಕ್ಕ ಕೈಬರಹದ ಪಟ್ಟಿಯನ್ನು ಕಂಪ್ಯೂಟರಿನ ಲೆಡ್ಜರಿನ ಜೊತೆ ತಾಳೆ ನೋಡಿದರು. ಪ್ರತಿ ಸದಸ್ಯೆಯ ಲೆಕ್ಕ ಸರಿ ಹೊಂದಿತು. ಒಟ್ಟು ಮೊತ್ತ ಹೊಂದಲಿಲ್ಲ. ನೋಡಿದರೆ ತಪ್ಪು ಕಂಪ್ಯೂಟರಿನದ್ದು. ಕೊನೆಗೆ ಸೇರಿದ ಸದಸ್ಯೆಯ ಸಾಲನ್ನು ಹಾಳೆಯ ಕೆಳಗೆ ಸೇರಿಸಿದ್ದರು, ಮೊತ್ತದ ಸೂತ್ರ ಅಲ್ಲಿಯವರೆಗೆ ಹೋಗಿರಲಿಲ್ಲ. 17 ಜನರ ಮೊತ್ತವನ್ನೇ ಅದು ತೋರಿಸುತ್ತಾ ಬಂದಿತ್ತು. ಬ್ಯಾಂಕಿನವರ ಕೈಗೆ ಹೋದದ್ದು ಹೆಂಗಸರು ಕೂತು ಕೂಡಿದ ಸರಿಯಾದ ಮೊತ್ತ.

ಈಗಿನ ವ್ಯವಸ್ಥೆ

ಆಮೇಲೆ ಮಾಡಿಕೊಂಡ ಏರ್ಪಾಡಿನಲ್ಲಿ ಜಾಸ್ತಿ ಏನೂ ಇಲ್ಲ. 48 ಅಂಕಿಯ ಕೀ ಕಾಗದದ ಮೇಲೆ ಎರಡು ಕಡೆ ಇದೆ, ಒಂದು ಅಕ್ಕನ ಬೀರುವಿನಲ್ಲಿ, ಇನ್ನೊಂದು ಎರಡನೇ ಪ್ರತಿನಿಧಿಯ ಮನೆಯಲ್ಲಿ. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ ಅಂತ ಹೇಳಿದ್ದೇನೆ, ಕಳುವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಪಾಸ್‌ವರ್ಡನ್ನು ಅಕ್ಕ ತಿಂಗಳಿಗೊಮ್ಮೆ ಬೇಕೆಂದೇ ಟೈಪ್ ಮಾಡುತ್ತಾರೆ, ಕೈಗೆ ಮರೆಯದಿರಲಿ ಅಂತ. ಸಭೆ ಮುಗಿದ ರಾತ್ರಿ ಫೋಲ್ಡರಿನ ನಕಲು ಪೆನ್‌ಡ್ರೈವಿಗೆ ಹೋಗುತ್ತದೆ. ಹೆಸರುಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸ ಅಕ್ಕನ ಅಕ್ಕನ ಮಗ ವಹಿಸಿಕೊಂಡಿದ್ದಾನೆ.

ಖಾತೆಗೆ ಅಕ್ಕನ ನಂಬರನ್ನೂ ಮಗನ ಇ-ಮೇಲನ್ನೂ ಸೇರಿಸಿದೆವು. ಅತ್ತೆಯ ನಂಬರಿನ ಓಟಿಪಿ ಕೈಯಲ್ಲಿದ್ದಾಗಲೇ ಮಾಡಿದ್ದರಿಂದ ತಕ್ಷಣ ಸೇರಿತು. ಹಳೇ ನಂಬರ್ ಕೈಯಲ್ಲಿಲ್ಲದೆ ಎಲ್ಲವನ್ನೂ ಹೊಸದಾಗಿ ಹಾಕಲು ಹೋಗಿದ್ದರೆ 30 ದಿನ ಕಾಯಬೇಕಿತ್ತು. ಅತ್ತೆಗೆ ಹೊಸ ಕೀಪ್ಯಾಡ್ ಫೋನ್ ಕೊಡಿಸಿದ್ದಾರೆ, ಸಿಮ್ ಅದರಲ್ಲಿದೆ. ಅವರ ನಂಬರನ್ನು ಖಾತೆಯಿಂದ ತೆಗೆದಿಲ್ಲ. ರೀಚಾರ್ಜ್ ತಾರೀಖನ್ನು ಅಕ್ಕ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆಯುತ್ತಾರೆ.